ಪಟ್ಟಣದ ಕಸ ಹೊಲಕ್ಕೆ ಬರುವ ಮುನ್ನ

ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆಯಾದರೆ ಎಷ್ಟು ರಸಗೊಬ್ಬರ ಹಾಕಿದರೂ ಬೆಳೆ ಅದರ ಪೂರ್ಣ ಪ್ರಯೋಜನ ಪಡೆಯಲಾರದು. ಈ ಮಾತು ಬೇಸಾಯಗಾರರಿಗೆ ಹೊಸದಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ದೀರ್ಘಾವಧಿ ಪ್ರಯೋಗಗಳಲ್ಲಿಯೂ ಇದೇ ಕಂಡುಬಂದಿತು. ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಎರಡನ್ನೂ ಕೂಡಿಸಿ ಕೊಟ್ಟ ತಾಕುಗಳಲ್ಲಿ ಖುಷ್ಕಿ ರಾಗಿಯ ಇಳುವರಿ ವರ್ಷದಿಂದ ವರ್ಷಕ್ಕೆ ಸ್ಥಿರವಾಗಿ ನಿಂತಿತು; ರಸಗೊಬ್ಬರವನ್ನಷ್ಟೇ ಕೊಟ್ಟ ತಾಕುಗಳಲ್ಲಿ ಕ್ರಮೇಣ ಇಳಿಯಿತು.

ಆದರೆ ಕೊಟ್ಟಿಗೆ ಗೊಬ್ಬರ ಎಲ್ಲಿಂದ ಬರಬೇಕು? ಉಳುಮೆಯನ್ನು ಟ್ರ್ಯಾಕ್ಟರಿಗೆ ಒಪ್ಪಿಸಿದ ಮೇಲೆ ಎತ್ತುಗಳು ಕಡಿಮೆಯಾದವು, ಅವುಗಳೊಂದಿಗೆ ತಿಪ್ಪೆಯೂ ಚಿಕ್ಕದಾಯಿತು. ಇತ್ತ ಪಟ್ಟಣಗಳಲ್ಲಿ ದಿನವೂ ಬೀಳುವ ಕಸದಲ್ಲಿ ಸುಮಾರು ಅರ್ಧ ಭಾಗ ಕೊಳೆಯುವ ಪದಾರ್ಥವೇ: ತರಕಾರಿ ಸಿಪ್ಪೆ, ಉಳಿದ ಅನ್ನ, ಬಾಳೆಲೆ, ಹೂವು, ಹಣ್ಣಿನ ತ್ಯಾಜ್ಯ. ಇವೆಲ್ಲ ಹೊಲದಿಂದಲೇ ಹೋದವು. ಅವು ಹೊಲಕ್ಕೇ ಮರಳಬೇಕೆಂಬುದು ನ್ಯಾಯವಾದ ಮಾತು. ಆದರೆ ಯಾವ ರೂಪದಲ್ಲಿ ಮರಳಬೇಕು ಎಂಬುದರ ಮೇಲೆ ಜಮೀನಿನ ಮುಂದಿನ ಗತಿ ನಿಂತಿದೆ.

ಪಟ್ಟಣದ ತ್ಯಾಜ್ಯ ಹಳ್ಳಿಯ ಕಡೆಗೆ ಮುಖ್ಯವಾಗಿ ಮೂರು ರೂಪಗಳಲ್ಲಿ ಬರುತ್ತದೆ. ಒಂದು, ಚೀಲದಲ್ಲಿ ತುಂಬಿ ಮಾರುವ ನಗರ ಕಾಂಪೋಸ್ಟ್. ಎರಡು, ಲಾರಿಯಲ್ಲಿ ಬಿಡಿಯಾಗಿ ಬರುವ ಕಸ ಅಥವಾ ಹಳೆಯ ಕಸದ ಗುಡ್ಡದ ಮಣ್ಣು. ಮೂರು, ಶೌಚಗುಂಡಿ ಖಾಲಿ ಮಾಡುವ ಟ್ಯಾಂಕರಿನ ಮಲಕೆಸರು. ಈ ಪ್ರತಿಯೊಂದಕ್ಕೂ ಕಾನೂನಿದೆ, ಅದನ್ನು ಜಾರಿ ಮಾಡುವ ಹೊಣೆ ಹೊತ್ತ ಕಚೇರಿ ಇದೆ. ಇವನ್ನು ತಿಳಿದ ರೈತರು ಲಾಭವನ್ನು ಪಡೆದು ಹಾನಿಯನ್ನು ದೂರವಿಡಬಹುದು.

ಹಳೆಯ ನಂಟು

ಪಟ್ಟಣದ ಕಸಕ್ಕೂ ಬೇಸಾಯಕ್ಕೂ ಇರುವ ನಂಟು ಇಂದಿನದಲ್ಲ. ಆಲ್ಬರ್ಟ್ ಹೋವಾರ್ಡ್ ಮತ್ತು ಯಶವಂತ ವಾಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿ, ಗಾಳಿಯಾಡುವಂತೆ ಮಗುಚಿ ಹಾಕುವ ಕಾಂಪೋಸ್ಟ್ ಪದ್ಧತಿಯನ್ನು ರೂಪಿಸಿದರು. ಅದಕ್ಕೆ ಇಂದೋರ್ ಪದ್ಧತಿ ಎಂದು ಹೆಸರಾಯಿತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪುರಸಭೆಗಳಿಗೆ ಹೊಂದುವ ಇನ್ನೊಂದು ಪದ್ಧತಿಯನ್ನು ಬಳಕೆಗೆ ತಂದರು. ಇದೇ ಬೆಂಗಳೂರು ಪದ್ಧತಿ.

ಈ ಪದ್ಧತಿಯಲ್ಲಿ ಸುಮಾರು 90 ಸೆಂ.ಮೀ. ಆಳ, 1.5ರಿಂದ 2.5 ಮೀಟರ್ ಅಗಲದ ಕಂದಕ ತೋಡಿ, 15 ಸೆಂ.ಮೀ. ಪಟ್ಟಣದ ಕಸ, ಅದರ ಮೇಲೆ 5 ಸೆಂ.ಮೀ. ಮಲ, ಮತ್ತೆ ಕಸ, ಹೀಗೆ ಪದರು ಪದರಾಗಿ ನೆಲಮಟ್ಟದಿಂದ 30 ಸೆಂ.ಮೀ. ಮೇಲಕ್ಕೆ ಬರುವವರೆಗೆ ತುಂಬಲಾಗುತ್ತಿತ್ತು. ಮೇಲೆ ದಪ್ಪನಾಗಿ ಕಸ ಹೊದಿಸಿ ಮಣ್ಣು ಮುಚ್ಚಿದರೆ ಒಂದು ವಾರದೊಳಗೆ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು; ಎರಡು ಮೂರು ವಾರ ಹಾಗೆಯೇ ನಿಲ್ಲುತ್ತಿತ್ತು. ಈ ಶಾಖದಲ್ಲಿ ರೋಗಾಣುಗಳೂ ಜಂತುಹುಳುಗಳ ಮೊಟ್ಟೆಗಳೂ ಸಾಯುತ್ತಿದ್ದವು. 4ರಿಂದ 6 ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತಿತ್ತು. ಪುರಸಭೆಗೆ ನೈರ್ಮಲ್ಯವೂ ರೈತರಿಗೆ ಗೊಬ್ಬರವೂ ಒಟ್ಟಿಗೆ ದೊರಕುತ್ತಿದ್ದವು.

ಇದರ ಇನ್ನೊಂದು ಮುಖವನ್ನು ಮರೆಯಬಾರದು. ಆ ಮಲವನ್ನು ಮನೆಮನೆಯಿಂದ ಹೊತ್ತು ತಂದವರು ಮನುಷ್ಯರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ಅಂದಿನ ಮಂತ್ರಿ ಬಿ. ಬಸವಲಿಂಗಪ್ಪನವರು ನಿಲ್ಲಿಸಲು ಕ್ರಮ ಕೈಗೊಂಡರು. ಮುಂದೆ 1993ರಲ್ಲಿ, ಮತ್ತೆ 2013ರಲ್ಲಿ ಕೇಂದ್ರ ಶಾಸನಗಳು ಬಂದವು. ಆದುದರಿಂದ ಹಳೆಯ ಪದ್ಧತಿಯ ವಿಜ್ಞಾನವನ್ನು ಉಳಿಸಿಕೊಳ್ಳಬೇಕೇ ಹೊರತು ಅದರ ದುಡಿಮೆಯ ಕ್ರಮವನ್ನಲ್ಲ.

ಹಳೆಯ ಕಸಕ್ಕೂ ಇಂದಿನ ಕಸಕ್ಕೂ ಮತ್ತೊಂದು ದೊಡ್ಡ ಅಂತರವಿದೆ. ಆಗ ಕಸವೆಂದರೆ ಎಲೆ, ಬೂದಿ, ಸೆಗಣಿ, ಸಿಪ್ಪೆ. ಈಗ ಅದರಲ್ಲಿ ಪ್ಲಾಸ್ಟಿಕ್, ಗಾಜು, ಟಾರ್ಚಿನ ಸೆಲ್ಲು, ಟ್ಯೂಬ್ ಲೈಟು, ಬಣ್ಣದ ಡಬ್ಬ, ಔಷಧದ ಸೂಜಿ ಎಲ್ಲವೂ ಸೇರಿವೆ. ಕಸದ ಸ್ವರೂಪ ಬದಲಾದುದರಿಂದಲೇ ಕಾನೂನು ಬೇಕಾಯಿತು.

ಕಸ ಯಾರ ಹೊಣೆ?

ಕಸ ಎತ್ತುವುದು ಪುರಸಭೆ ತೋರುವ ಉಪಕಾರವಲ್ಲ, ಅದರ ಕಡ್ಡಾಯ ಕರ್ತವ್ಯ. ಕರ್ನಾಟಕ ಪುರಸಭೆಗಳ ಅಧಿನಿಯಮ 1964 ಮತ್ತು ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮ 1976 ಇದನ್ನು ಸ್ಪಷ್ಟವಾಗಿ ಹೇಳಿವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿಯೂ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ನಗರ ಸ್ಥಳೀಯ ಸಂಸ್ಥೆಗಳ ಬಾಬತ್ತಿನಲ್ಲಿ ಬರುತ್ತದೆ.

ಆದರೆ ಎತ್ತಿದ ಕಸವನ್ನು ಏನು ಮಾಡಬೇಕು ಎಂಬ ಬಗ್ಗೆ ಬಹುಕಾಲ ಸ್ಪಷ್ಟತೆ ಇರಲಿಲ್ಲ. ಊರಿನಿಂದ ಎತ್ತಿ ಊರಾಚೆ ಸುರಿದರೆ ಕೆಲಸ ಮುಗಿಯಿತೆಂಬ ಭಾವನೆ ಇತ್ತು. ಬೆಂಗಳೂರಿನವರಾದ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಫಲವಾಗಿ 2000ದಲ್ಲಿ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 2016ರ ಏಪ್ರಿಲ್‌ನಲ್ಲಿ ಇನ್ನೂ ವಿಸ್ತಾರವಾದ ನಿಯಮಗಳನ್ನು ಕೇಂದ್ರ ಸರ್ಕಾರ ಹೊರಡಿಸಿತು. ಹಸಿ ಕಸ, ಒಣ ಕಸ, ಮನೆಬಳಕೆಯ ಅಪಾಯಕಾರಿ ಕಸ ಇವನ್ನು ಉತ್ಪಾದಿಸುವವರೇ ಬೇರೆ ಬೇರೆಯಾಗಿ ಕೊಡಬೇಕು, ಸಂಸ್ಥೆ ಬೇರೆ ಬೇರೆಯಾಗಿಯೇ ಸಾಗಿಸಬೇಕು ಎಂಬುದು ಅವುಗಳ ತಿರುಳು. ಬೆಂಗಳೂರಿನಲ್ಲಿ ಅಂದಿನ ಮಹಾನಗರ ಪಾಲಿಕೆ ಇದಕ್ಕೂ ಮೊದಲೇ, 2012ರ ಅಕ್ಟೋಬರ್ 1ರಿಂದ, ಕಸ ವಿಂಗಡಣೆಯನ್ನು ಕಡ್ಡಾಯ ಮಾಡಿತ್ತು.

ರೈತರಿಗೆ ಇದರಲ್ಲಿ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾದುದು. ಒಂದು ಬಕೆಟ್ ಸಿಪ್ಪೆಯೊಳಗೆ ಒಂದು ಸೆಲ್ಲು ಬಿದ್ದು ಕೊಳೆತರೆ ಅದರಿಂದ ಹೊರಬಂದ ಲೋಹವನ್ನು ಯಾವ ಜರಡಿಯೂ ಹಿಡಿಯಲಾರದು. ಪ್ಲಾಸ್ಟಿಕ್ ಚೂರನ್ನು ಆರಿಸಿ ತೆಗೆಯಬಹುದು, ಗಾಜನ್ನು ಜರಡಿ ಹಿಡಿಯಬಹುದು. ಕರಗಿದ ಸೀಸ, ಕ್ಯಾಡ್ಮಿಯಂಗಳನ್ನು ತೆಗೆಯುವ ಉಪಾಯ ಗೊಬ್ಬರದ ಕಾರ್ಖಾನೆಯಲ್ಲಿ ಇಲ್ಲ. ಹೀಗಾಗಿ ಗೊಬ್ಬರದ ಗುಣ ಬಹುಮಟ್ಟಿಗೆ ಪಟ್ಟಣದ ಅಡುಗೆಮನೆಯಲ್ಲಿಯೇ ತೀರ್ಮಾನವಾಗುತ್ತದೆ.

ಹೋಟೆಲು, ಮಾರುಕಟ್ಟೆ ಮತ್ತು ಪರವಾನಗಿ

ಪಟ್ಟಣದ ಕಸದಲ್ಲಿ ಗೊಬ್ಬರಕ್ಕೆ ಅತ್ಯುತ್ತಮವಾದುದು ತರಕಾರಿ ಮಾರುಕಟ್ಟೆ, ಹೂವಿನ ಮಾರುಕಟ್ಟೆ, ಹೋಟೆಲು, ಕಲ್ಯಾಣ ಮಂಟಪಗಳಿಂದ ಬರುವ ಹಸಿ ಕಸ. ಇದು ಒಂದೇ ಕಡೆ ಹೆಚ್ಚಾಗಿ ಸಿಗುತ್ತದೆ, ಬೆರಕೆ ಕಡಿಮೆ. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು 2016ರ ನಿಯಮಗಳು ದೊಡ್ಡ ಪ್ರಮಾಣದ ಉತ್ಪಾದಕರು ಎಂದು ಬೇರೆಯಾಗಿಯೇ ಗುರುತಿಸಿದವು. ಹೋಟೆಲುಗಳು ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕೆಂದೂ, ಹಸಿ ಕಸವನ್ನು ಸಾಧ್ಯವಾದಷ್ಟು ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಅನಿಲ ಮಾಡಬೇಕೆಂದೂ ಹೇಳಿದವು.

ಇದನ್ನು ಜಾರಿ ಮಾಡಲು ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ಸಾಧನ ಉದ್ದಿಮೆ ಪರವಾನಗಿ. ಹೋಟೆಲು, ಖಾನಾವಳಿ, ಮಾಂಸದಂಗಡಿ ಮೊದಲಾದವು ಪಟ್ಟಣದಲ್ಲಿ ನಡೆಯಬೇಕಾದರೆ ಈ ಪರವಾನಗಿ ಬೇಕು. ಆರೋಗ್ಯ ನಿರೀಕ್ಷಕರು ತಪಾಸಣೆ ಮಾಡಬಹುದು, ಷರತ್ತು ಮೀರಿದವರಿಗೆ ದಂಡ ಹಾಕಬಹುದು. ಪರವಾನಗಿಯನ್ನು ಬರಿಯ ಶುಲ್ಕದ ರಸೀತಿಯಂತೆ ಕಾಣುವ ಪಟ್ಟಣದಲ್ಲಿ ಕಸ ಬೆರಕೆಯಾಗಿಯೇ ಹೊರಬೀಳುತ್ತದೆ. ಷರತ್ತುಗಳನ್ನು ನೋಡಿ ನವೀಕರಣ ಮಾಡುವ ಪಟ್ಟಣದಲ್ಲಿ ಸ್ವಚ್ಛವಾದ ಹಸಿ ಕಸ ದೊರೆಯುತ್ತದೆ. ಪಟ್ಟಣದ ಸಮೀಪದ ರೈತರು ಸಂಘ ಮಾಡಿಕೊಂಡು, ಪುರಸಭೆಯ ಒಪ್ಪಿಗೆಯೊಂದಿಗೆ ಇಂತಹ ಹಸಿ ಕಸವನ್ನು ನೇರವಾಗಿ ಪಡೆದು ತಮ್ಮಲ್ಲಿಯೇ ಕಾಂಪೋಸ್ಟ್ ಮಾಡಿಕೊಳ್ಳಬಹುದು. ಸಾಗಣೆ ವೆಚ್ಚ ಹೊಂದುವಷ್ಟು ಹತ್ತಿರವಿದ್ದರೆ ಇದಕ್ಕಿಂತ ಒಳ್ಳೆಯ ಏರ್ಪಾಟಿಲ್ಲ.

ಕಾರ್ಖಾನೆಯಲ್ಲಿ ಗೊಬ್ಬರ ಆಗುವ ಬಗೆ

ಕರ್ನಾಟಕದಲ್ಲಿ ಕಸದಿಂದ ಗೊಬ್ಬರ ಮಾಡುವ ಕೆಲಸಕ್ಕಾಗಿಯೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು. ಅದರ ಘಟಕ ಬೆಂಗಳೂರಿನ ಹೊಸೂರು ರಸ್ತೆಯ ಕಡೆ ಆಗ ಊರಾಚೆ ಇತ್ತು. ಬಳಿಕ ಊರೇ ಅದರ ಸುತ್ತ ಬೆಳೆದು, ವಾಸನೆಯ ದೂರುಗಳು ಬಂದವು. ಗೊಬ್ಬರದ ಘಟಕಕ್ಕೆ ಜಾಗ ಗೊತ್ತು ಮಾಡುವಾಗ ಮುಂದಿನ ನಾಲ್ಕು ದಶಕದ ಬೆಳವಣಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದಕ್ಕೆ ಇದು ಉದಾಹರಣೆ.

ಇಂತಹ ಘಟಕಗಳಲ್ಲಿ ಕಸವನ್ನು ಉದ್ದನೆಯ ರಾಶಿಗಳಾಗಿ ಹಾಕಿ, ಸೆಗಣಿ ಬಗ್ಗಡ ಅಥವಾ ಸೂಕ್ಷ್ಮಾಣು ಮಿಶ್ರಣ ಚಿಮುಕಿಸಿ, ವಾರಕ್ಕೊಮ್ಮೆ ಮಗುಚಲಾಗುತ್ತದೆ. ರಾಶಿಯ ಒಳಗೆ 55ರಿಂದ 65 ಡಿಗ್ರಿ ಶಾಖ ಏರುತ್ತದೆ. ನಾಲ್ಕೈದು ವಾರಗಳ ನಂತರ ಹಂತ ಹಂತವಾಗಿ ಜರಡಿ ಹಿಡಿದು, ಮಾಗಲು ಬಿಟ್ಟು, ಕೊನೆಗೆ 4 ಮಿ.ಮೀ. ಜರಡಿಯಿಂದ ಇಳಿದುದನ್ನು ಚೀಲಕ್ಕೆ ತುಂಬಲಾಗುತ್ತದೆ. ಇಲ್ಲಿ ಅವಸರ ಮಾಡುವುದು ಮಾಗುವ ಹಂತದಲ್ಲಿ. ಮಾಗದ ಗೊಬ್ಬರದಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ ಇರುತ್ತದೆ. ಅದನ್ನು ಹೊಲಕ್ಕೆ ಹಾಕಿದರೆ ಉಳಿದ ಕೊಳೆಯುವಿಕೆ ಹೊಲದಲ್ಲಿ ನಡೆಯುತ್ತದೆ. ಅದಕ್ಕೆ ಬೇಕಾದ ಸಾರಜನಕವನ್ನು ಸೂಕ್ಷ್ಮಾಣುಗಳು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ. ಎಳೆಯ ಪೈರು ಹಳದಿಯಾಗಿ ಕುಗ್ಗುವುದು ಈ ಕಾರಣದಿಂದ.

ಚೀಲದ ಮೇಲಿನ ಮಟ್ಟಗಳು

1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ವ್ಯಾಪ್ತಿಗೆ ಸಾವಯವ ಗೊಬ್ಬರಗಳನ್ನು 2006ರಲ್ಲಿ ಸೇರಿಸಲಾಯಿತು. ನಗರ ಕಾಂಪೋಸ್ಟಿಗೆ ಅದರಡಿ ಗೊತ್ತುಪಡಿಸಿ, ಮುಂದೆ ತಿದ್ದಿದ ಮುಖ್ಯ ಮಟ್ಟಗಳು ಹೀಗಿವೆ:

ತೇವಾಂಶ: ಶೇ. 15ರಿಂದ 25
ಸಾವಯವ ಇಂಗಾಲ: ಕನಿಷ್ಠ ಶೇ. 12
ಸಾರಜನಕ: ಕನಿಷ್ಠ ಶೇ. 0.8
ರಂಜಕ: ಕನಿಷ್ಠ ಶೇ. 0.4
ಪೊಟ್ಯಾಷ್: ಕನಿಷ್ಠ ಶೇ. 0.4
ಇಂಗಾಲ–ಸಾರಜನಕ ಅನುಪಾತ: 20ಕ್ಕಿಂತ ಕಡಿಮೆ
ರಸಸಾರ: 6.5ರಿಂದ 7.5
ಲವಣಾಂಶ (ವಿದ್ಯುತ್ ವಾಹಕತೆ): 4.0 ಡೆಸಿಸೈಮನ್ಸ್ ಮೀರಬಾರದು
ಕಣಗಾತ್ರ: ಶೇ. 90ರಷ್ಟು 4 ಮಿ.ಮೀ. ಜರಡಿಯಿಂದ ಇಳಿಯಬೇಕು

ಭಾರಲೋಹಗಳಿಗೂ ಮಿತಿ ಇದೆ. ಕಿಲೋ ಒಂದಕ್ಕೆ ಮಿಲಿಗ್ರಾಮಿನಲ್ಲಿ: ಸೀಸ 100, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕೆಲ್ 50, ಶಂಖಪಾಷಾಣ 10, ಪಾದರಸ 0.15, ತಾಮ್ರ 300, ಸತು 1,000. ಇವುಗಳಲ್ಲಿ ತಾಮ್ರ ಮತ್ತು ಸತು ಅಲ್ಪ ಪ್ರಮಾಣದಲ್ಲಿ ಬೆಳೆಗೆ ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸ ಯಾವ ಪ್ರಮಾಣದಲ್ಲೂ ಬೆಳೆಗೆ ಬೇಡ.

ಲಾಭ ಮತ್ತು ಹಾನಿಯ ಲೆಕ್ಕ

ಮೇಲಿನ ಮಟ್ಟದ ಕಾಂಪೋಸ್ಟನ್ನು ಹೆಕ್ಟೇರಿಗೆ 5 ಟನ್ ಹಾಕಿದರೆ 40 ಕಿಲೋ ಸಾರಜನಕ, 20 ಕಿಲೋ ರಂಜಕ, 20 ಕಿಲೋ ಪೊಟ್ಯಾಷ್ ಮಣ್ಣಿಗೆ ಸೇರುತ್ತವೆ. ಆದರೆ ಇದೆಲ್ಲ ಆ ವರ್ಷವೇ ಬೆಳೆಗೆ ದೊರೆಯುವುದಿಲ್ಲ. ಸಾರಜನಕದಲ್ಲಿ ಐದನೆಯ ಒಂದು ಭಾಗ ಮೊದಲ ಬೆಳೆಗೆ ಸಿಗುತ್ತದೆಂದು ಎಣಿಸಿದರೆ ಅದು 8 ಕಿಲೋ, ಎಂದರೆ ಸುಮಾರು 17 ಕಿಲೋ ಯೂರಿಯಾಕ್ಕೆ ಸಮ. ಇಷ್ಟಕ್ಕೇ ಯಾರೂ 5 ಟನ್ ಗೊಬ್ಬರ ಸಾಗಿಸಬೇಕಾಗಿಲ್ಲ. ಕಾಂಪೋಸ್ಟಿನ ನಿಜವಾದ ಬೆಲೆ ಅದರೊಂದಿಗೆ ಬರುವ ಕನಿಷ್ಠ 600 ಕಿಲೋ ಸಾವಯವ ಇಂಗಾಲದಲ್ಲಿದೆ. ಕೆಂಪು ಮಣ್ಣು ಹೆಚ್ಚು ಹೊತ್ತು ನೀರು ಹಿಡಿಯುವುದು, ಮೇಲ್ಮಣ್ಣು ಹೆಪ್ಪುಗಟ್ಟದಿರುವುದು, ಹಾಕಿದ ರಸಗೊಬ್ಬರ ಬಸಿದು ಹೋಗದಿರುವುದು ಈ ಇಂಗಾಲದಿಂದ. ಆದುದರಿಂದ ಕಾಂಪೋಸ್ಟನ್ನು ಯೂರಿಯಾಕ್ಕೆ ಬದಲಿ ಎಂದು ಮಾರುವವರ ಮಾತನ್ನು ನಂಬಬಾರದು. ಕೊಟ್ಟಿಗೆ ಗೊಬ್ಬರಕ್ಕೆ ಬದಲಿ ಎಂದು ಬಳಸಬೇಕು.

ಈಗ ಹಾನಿಯ ಲೆಕ್ಕ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 22 ಲಕ್ಷ ಕಿಲೋ. ಸೀಸದ ಮಿತಿಯಲ್ಲಿರುವ, ಎಂದರೆ ಕಿಲೋಗೆ 100 ಮಿಲಿಗ್ರಾಂ ಇರುವ ಕಾಂಪೋಸ್ಟನ್ನು 5 ಟನ್ ಹಾಕಿದರೆ 500 ಗ್ರಾಂ ಸೀಸ ಸೇರುತ್ತದೆ. ಮಣ್ಣಿನ ಕಿಲೋ ಒಂದಕ್ಕೆ ಇದು 0.23 ಮಿಲಿಗ್ರಾಂ. 20 ವರ್ಷ ಸತತವಾಗಿ ಹಾಕಿದರೂ ಸುಮಾರು 4.5 ಮಿಲಿಗ್ರಾಂ ಹೆಚ್ಚುತ್ತದೆ. ಮಿತಿಯ ಐದು ಪಟ್ಟು ಸೀಸವಿರುವ ಬೆರಕೆ ಕಸದ ಗೊಬ್ಬರ ಹಾಕಿದರೆ ಅದೇ 20 ವರ್ಷಗಳಲ್ಲಿ 22 ಮಿಲಿಗ್ರಾಮಿಗೂ ಹೆಚ್ಚು ಸೇರುತ್ತದೆ.

ಕ್ಯಾಡ್ಮಿಯಂ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಾಮಾನ್ಯ ಹೊಲದ ಮಣ್ಣಿನಲ್ಲಿ ಇದು ಕಿಲೋಗೆ 1 ಮಿಲಿಗ್ರಾಮಿಗಿಂತ ಕಡಿಮೆ ಇರುತ್ತದೆ. ಮಿತಿಯಂಚಿನಲ್ಲಿರುವ ಕಾಂಪೋಸ್ಟನ್ನು 20 ವರ್ಷ ಹಾಕಿದರೆ ಸುಮಾರು 0.23 ಮಿಲಿಗ್ರಾಂ ಸೇರುತ್ತದೆ. ಸೊಪ್ಪು ತರಕಾರಿಗಳು ಕ್ಯಾಡ್ಮಿಯಂ ಅನ್ನು ಬೇಗ ಹೀರಿಕೊಂಡು ಎಲೆಯಲ್ಲಿ ಕೂಡಿಡುತ್ತವೆ. ಗಿಡದಲ್ಲಿ ಯಾವ ರೋಗದ ಚಿಹ್ನೆಯೂ ಕಾಣುವುದಿಲ್ಲ. ಕೀಟನಾಶಕ ಕೆಲಕಾಲದಲ್ಲಿ ಕರಗುತ್ತದೆ, ಚೌಳನ್ನು ನೀರು ಹಾಯಿಸಿ ತೊಳೆಯಬಹುದು. ಮಣ್ಣಿಗೆ ಸೇರಿದ ಭಾರಲೋಹ ಮಾತ್ರ ಹಾಕಿದವರ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ.

ಕೊಳ್ಳುವ ಮುನ್ನ

ಲೋಹಗಳ ಪರೀಕ್ಷೆ ಪ್ರಯೋಗಶಾಲೆಯಲ್ಲಿಯೇ ಆಗಬೇಕು. ಉಳಿದ ಅನೇಕ ದೋಷಗಳನ್ನು ರೈತರು ತಾವೇ ಕಂಡುಹಿಡಿಯಬಹುದು.

1. ವಾಸನೆ: ಮಾಗಿದ ಕಾಂಪೋಸ್ಟ್ ಮೊದಲ ಮಳೆ ಬಿದ್ದ ಮಣ್ಣಿನಂತೆ ವಾಸನೆ ಬರುತ್ತದೆ. ಹುಳಿ ಅಥವಾ ಅಮೋನಿಯದ ಕಟು ವಾಸನೆ ಬಂದರೆ ಮಾಗಿಲ್ಲ ಎಂದರ್ಥ.

2. ಶಾಖ: ಬಿಡಿ ರಾಶಿಯೊಳಗೆ ಕಬ್ಬಿಣದ ಸಲಾಕಿ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಬೇಕು. ಸಲಾಕಿ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಗೊಬ್ಬರ ಇನ್ನೂ ಕೊಳೆಯುತ್ತಿದೆ.

3. ಚೀಲ ಪರೀಕ್ಷೆ: ಒಂದು ಹಿಡಿ ಕಾಂಪೋಸ್ಟನ್ನು ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ನೆರಳಿನಲ್ಲಿಡಬೇಕು. ಬಿಚ್ಚಿದಾಗ ದುರ್ವಾಸನೆ ಬಂದರೆ ಬಳಸಬಾರದು.

4. ಮೊಳಕೆ ಪರೀಕ್ಷೆ: ಒಂದು ಕುಂಡದಲ್ಲಿ ಬರಿಯ ಮಣ್ಣು, ಇನ್ನೊಂದರಲ್ಲಿ ಮಣ್ಣು ಮತ್ತು ಕಾಂಪೋಸ್ಟ್ ಸಮಭಾಗ ತುಂಬಿ ಎರಡರಲ್ಲಿಯೂ 20 ಹೆಸರುಕಾಳು ಬಿತ್ತಬೇಕು. ಎರಡನೆಯದರಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಸಸಿ ಸುಟ್ಟಂತೆ ಕಂಡರೆ ಲವಣ ಹೆಚ್ಚಿದೆ, ಇಲ್ಲವೇ ಗೊಬ್ಬರ ಮಾಗಿಲ್ಲ.

5. ಬೆರಕೆ: ಒಂದು ಕಿಲೋ ಕಾಂಪೋಸ್ಟನ್ನು ಬಿಳಿ ಹಾಳೆಯ ಮೇಲೆ ಹರಡಿ ಗಾಜು, ಪ್ಲಾಸ್ಟಿಕ್, ಬ್ಲೇಡಿನ ಚೂರುಗಳನ್ನು ನೋಡಬೇಕು. ಬರಿಗಾಲಿನಲ್ಲಿ ನಾಟಿ ಮಾಡುವ, ಕಳೆ ತೆಗೆಯುವ ಹೆಣ್ಣುಮಕ್ಕಳ ಕೈಕಾಲುಗಳ ಲೆಕ್ಕದಲ್ಲಿ ಒಂದು ಗಾಜಿನ ಚೂರೂ ಹೆಚ್ಚೇ.

ಚೀಲದ ಮೇಲೆ ತಯಾರಕರ ಹೆಸರು, ತೂಕ, ಪೋಷಕಾಂಶಗಳ ವಿವರ ಮುದ್ರಿತವಾಗಿರಬೇಕು. ರಸೀತಿಯನ್ನು ತಪ್ಪದೆ ಪಡೆದು ಇಟ್ಟುಕೊಳ್ಳಬೇಕು. ರಸೀತಿ ಇಲ್ಲದಿದ್ದರೆ ದೂರು ನಿಲ್ಲುವುದು ಕಷ್ಟ. ಗುಣಮಟ್ಟದ ಬಗ್ಗೆ ಅನುಮಾನ ಬಂದರೆ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಲಿಖಿತವಾಗಿ ತಿಳಿಸಬೇಕು. ರಸಗೊಬ್ಬರ ಪರಿವೀಕ್ಷಕರಿಗೆ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸುವ ಅಧಿಕಾರವಿದೆ.

ಇಲ್ಲಿ ಇನ್ನೊಂದು ಮಾತು. ರಸಗೊಬ್ಬರ ಕಂಪನಿಗಳು 6ರಿಂದ 7 ಚೀಲ ರಸಗೊಬ್ಬರಕ್ಕೆ 3ರಿಂದ 4 ಚೀಲ ಕಾಂಪೋಸ್ಟಿನ ಪ್ರಮಾಣದಲ್ಲಿ ಜೊತೆಯಾಗಿ ಮಾರಾಟಕ್ಕೆ ಇಡಬೇಕೆಂದು 2016ರ ನಿಯಮಗಳು ಹೇಳಿದವು. ಇದು ಕಂಪನಿಗಳಿಗೆ ಹೇಳಿದ ಮಾತು. ಕಾಂಪೋಸ್ಟ್ ಕೊಂಡರೆ ಮಾತ್ರ ಯೂರಿಯಾ ಕೊಡುತ್ತೇವೆಂದು ಅಂಗಡಿಯವರು ರೈತರನ್ನು ಒತ್ತಾಯಿಸಲು ಇದು ಆಧಾರವಾಗದು.

ಬಳಸುವ ಕ್ರಮ

ಮಟ್ಟಕ್ಕೆ ಸರಿಯಾದ ಕಾಂಪೋಸ್ಟನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹರಡಿ, ಒಂದು ಮಳೆ ಬಿದ್ದು ಹದ ಬಂದಾಗ ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸಬೇಕು. ಬೇರಿಗೆ ತಾಗುವಂತೆ ಸಾಲಿನಲ್ಲಿ ಒತ್ತಾಗಿ ಹಾಕುವುದು ಸರಿಯಲ್ಲ. ಕಬ್ಬು, ಹಿಪ್ಪುನೇರಳೆ, ರಾಗಿ, ಮುಸುಕಿನ ಜೋಳ, ತೋಟದ ಮರಗಳಿಗೆ ಇದನ್ನು ಬಳಸಬಹುದು. ಸೊಪ್ಪು ತರಕಾರಿ ಮತ್ತು ಗೆಡ್ಡೆ ಬೆಳೆಯುವ ತಾಕಿಗೆ ವರ್ಷ ವರ್ಷವೂ ಹಾಕುವುದನ್ನು ಬಿಡಬೇಕು. ಅಲ್ಲಿಗೆ ಮನೆಯ ತಿಪ್ಪೆ ಗೊಬ್ಬರವನ್ನು ಮೀಸಲಿಡುವುದು ಲೇಸು. ಈಗಾಗಲೇ ಚೌಳು ಕಾಣಿಸಿಕೊಂಡಿರುವ ನೀರಾವರಿ ಜಮೀನಿಗೆ ಮಣ್ಣು ಪರೀಕ್ಷೆ ಮಾಡಿಸದೆ ಹಾಕಬಾರದು, ಏಕೆಂದರೆ ಹೋಟೆಲಿನ ಕಸದಲ್ಲಿ ಅಡುಗೆ ಉಪ್ಪು ಸಾಕಷ್ಟಿರುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆಯಾದರೂ ಮಣ್ಣು ಪರೀಕ್ಷೆ ಮಾಡಿಸುವುದು ಅಗತ್ಯ.

ಹಳೆಯ ಗುಡ್ಡದ ಮಣ್ಣು, ಟ್ಯಾಂಕರಿನ ಕೆಸರು

ಪಟ್ಟಣಗಳ ಅಂಚಿನಲ್ಲಿ ಹತ್ತಾರು ವರ್ಷ ಬಿದ್ದ ಕಸದ ಗುಡ್ಡಗಳನ್ನು ಅಗೆದು ತೆರವು ಮಾಡುವ ಕೆಲಸಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅಗೆದ ಕಸವನ್ನು ಜರಡಿ ಹಿಡಿದಾಗ ಕಪ್ಪಗಿನ ನಯವಾದ ಮಣ್ಣು ದೊರೆಯುತ್ತದೆ. ನೋಡಲು ಅದು ಒಳ್ಳೆಯ ಗೊಬ್ಬರದಂತೆಯೇ ಇರುತ್ತದೆ. ಬಿಟ್ಟಿಯಾಗಿ ಹೊಲಕ್ಕೆ ತಂದು ಸುರಿಯುವವರೂ ಸಿಗುತ್ತಾರೆ. ಆದರೆ ವಿಂಗಡಣೆ ಎಂಬುದೇ ಇಲ್ಲದ ಕಾಲದ ಎಲ್ಲ ಸೆಲ್ಲು, ಬಣ್ಣ, ಗಾಜು ಕೊಳೆತು ಒಡೆದು ಸೇರಿರುವುದು ಇದರಲ್ಲಿಯೇ. ಪ್ರಯೋಗಶಾಲೆಯ ವರದಿ ಇಲ್ಲದೆ ಇದನ್ನು ಹೊಲದೊಳಗೆ ಬಿಟ್ಟುಕೊಳ್ಳಬಾರದು. ಪರೀಕ್ಷೆಯಲ್ಲಿ ನಿಲ್ಲದ ಮಣ್ಣು ತಗ್ಗು ತುಂಬಲು ಬಂದೀತೇ ಹೊರತು ಬೆಳೆಗೆ ಬಾರದು. ವಿಂಗಡಿಸದ ಹಸಿ ಕಸವನ್ನು ನೇರವಾಗಿ ಹೊಲಕ್ಕೆ ಸುರಿಸಿಕೊಳ್ಳುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಶೌಚಗುಂಡಿಯ ಕೆಸರನ್ನು ಬಾಳೆ, ತೆಂಗಿನ ತೋಟಗಳಿಗೆ ಬಿಡಿಸಿಕೊಳ್ಳುವ ರೂಢಿ ಬೆಂಗಳೂರಿನ ಸುತ್ತಮುತ್ತ ಬೆಳೆದು ಬಂದಿದೆ. ಇದರಲ್ಲಿ ಪೋಷಕಾಂಶಗಳಿವೆ ಎಂಬುದು ನಿಜ. ಆದರೆ ಹಸಿ ಕೆಸರಿನಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬರಿಗಾಲಿನಲ್ಲಿ ದುಡಿಯುವ ಕೂಲಿಯವರಿಗೂ ತೋಟದಲ್ಲಿ ಆಡುವ ಮಕ್ಕಳಿಗೂ ಇದರಿಂದ ಸೋಂಕು ತಗಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಪ್ರಕಾರ, 20 ಡಿಗ್ರಿಗೂ ಮೇಲಿನ ಉಷ್ಣತೆಯ ಪ್ರದೇಶಗಳಲ್ಲಿ ಒಣ ಮಲವನ್ನು ಹೊಸದು ಸೇರಿಸದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕೂಡಿಟ್ಟ ಮೇಲೆ ಬಳಸಬೇಕು. ಹಸಿ ಕಸದೊಡನೆ ಬೆರೆಸಿ ಶಾಖವೇರುವಂತೆ ಕಾಂಪೋಸ್ಟ್ ಮಾಡುವುದು ಇನ್ನೂ ಬೇಗನೆ ಆಗುವ ಮಾರ್ಗ. ಆಚಾರ್ಯರ ಕಂದಕದಲ್ಲಿ ನಡೆಯುತ್ತಿದ್ದುದೂ ಇದೇ. ದೇವನಹಳ್ಳಿ ಪಟ್ಟಣದಲ್ಲಿ 2015ರಲ್ಲಿ ಮಲಕೆಸರು ಶುದ್ಧೀಕರಣ ಘಟಕ ಆರಂಭವಾಯಿತು. ಟ್ಯಾಂಕರುಗಳು ಹೊಲ, ಕೆರೆ, ಕಾಲುವೆಗಳಿಗೆ ಬಿಡದೆ ಇಂತಹ ಘಟಕಗಳಿಗೇ ಬರುವಂತೆ ಮಾಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಗುಂಡಿಗೆ ಮನುಷ್ಯರನ್ನು ಇಳಿಸಿ ಅಪಾಯಕಾರಿ ರೀತಿಯಲ್ಲಿ ಕೆಲಸ ಮಾಡಿಸುವುದು 2013ರ ಶಾಸನದ ಪ್ರಕಾರ ಅಪರಾಧ ಎಂಬುದನ್ನೂ ಎಲ್ಲರೂ ತಿಳಿದಿರಬೇಕು.

ಗ್ರಾಮಸಭೆಯ ಪಾತ್ರ

ಪಟ್ಟಣದ ಹೊಣೆ ಪಟ್ಟಣದ ಗಡಿಯಲ್ಲಿ ಮುಗಿದಂತೆ ನಡೆದುಕೊಂಡರೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಸುತ್ತಲ ಹಳ್ಳಿಗಳು ಅನುಭವಿಸಿವೆ. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಆ ಹೊರೆ ಬೆಂಗಳೂರು ಪೂರ್ವ ತಾಲ್ಲೂಕಿನ ಮಂಡೂರಿನ ಮೇಲೆ ಬಿತ್ತು. ನೀರು ಕೆಟ್ಟಿತು, ನೊಣ ಮತ್ತು ದುರ್ವಾಸನೆ ಹೆಚ್ಚಿತು ಎಂದು ಗ್ರಾಮಸ್ಥರು 2014ರಲ್ಲಿ ರಸ್ತೆಗಿಳಿದರು. ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿಗೆ ಲಾರಿಗಳು ಬರುವುದು ನಿಂತಿತು. ಬೆರಕೆ ಕಸದ ರಾಶಿಯಿಂದ ಬಸಿಯುವ ಕಪ್ಪು ನೀರು ಒಮ್ಮೆ ಅಂತರ್ಜಲಕ್ಕೆ ಇಳಿದರೆ ಲಾರಿ ನಿಂತ ಮೇಲೂ ಅದರ ಪರಿಣಾಮ ಬಹುಕಾಲ ಉಳಿಯುತ್ತದೆ.

ಆದುದರಿಂದ ಪಟ್ಟಣದ ಸಮೀಪದ ಗ್ರಾಮ ಪಂಚಾಯಿತಿಗಳು ಮುಂಜಾಗ್ರತೆ ವಹಿಸಬೇಕು. ಊರಿನ ಎಲ್ಲೆಯಲ್ಲಿ ಕಸದ ಘಟಕ ಬರುವುದಾದರೆ ಬರುವುದು ವಿಂಗಡಿಸಿದ ಹಸಿ ಕಸವೇ ಅಥವಾ ಬೆರಕೆ ಕಸವೇ, ಬಸಿಯುವ ನೀರಿಗೆ ಏರ್ಪಾಟು ಏನು, ಸುತ್ತಲ ಬಾವಿಗಳ ನೀರನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಿ ವರದಿಯನ್ನು ಪಂಚಾಯಿತಿಗೆ ಕೊಡುತ್ತಾರೆ, ಸಿದ್ಧವಾದ ಗೊಬ್ಬರದಲ್ಲಿ ಊರಿನ ರೈತರಿಗೆ ಎಷ್ಟು ಪಾಲು ಎಂಬ ನಾಲ್ಕು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು. ಹಳ್ಳಿಗಳಲ್ಲಿಯೂ ಅಂಗಡಿ, ಹೋಟೆಲು, ಕೋಳಿಫಾರಂಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಪಂಚಾಯಿತಿ ತನ್ನ ಊರಿನ ಕಸಕ್ಕೂ ಇದೇ ಶಿಸ್ತನ್ನು ತರುವುದು ಒಳ್ಳೆಯದು. ತನ್ನ ಕಸವನ್ನು ಬೇರ್ಪಡಿಸದ ಊರಿಗೆ ಪಟ್ಟಣವನ್ನು ಕೇಳುವ ಬಾಯಿ ಇರುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಮಾರಾಟವಾಗುವ ಕಾಂಪೋಸ್ಟಿನ ಮಾದರಿಗಳನ್ನು ಹಂಗಾಮಿಗೆ ಮುಂಚೆಯೇ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ರೈತರ ಸಭೆಯಲ್ಲಿ ಓದಿ ಹೇಳಿದರೆ ಬಹಳ ಉಪಕಾರವಾಗುತ್ತದೆ. ಬಿತ್ತನೆ ಮುಗಿದ ಮೇಲೆ ಬಂದ ವರದಿಯಿಂದ ಆ ವರ್ಷದ ಹೊಲಕ್ಕೆ ಪ್ರಯೋಜನವಿಲ್ಲ.

ಪಟ್ಟಣದ ಹಸಿ ಕಸ ಬೇಸಾಯಕ್ಕೆ ಬೇಕಾದ ವಸ್ತು. ಅದನ್ನು ಬೇಡವೆನ್ನುವುದು ಜಾಣತನವಲ್ಲ. ಬಿಟ್ಟಿಯಾಗಿ ಬಂತೆಂದು ನೋಡದೆ ಬರಮಾಡಿಕೊಳ್ಳುವುದೂ ಜಾಣತನವಲ್ಲ. ಲಾರಿ ಹೊಲದ ಬದುವಿನ ಬಳಿ ಬಂದು ನಿಂತಾಗ ಚಾಲಕನನ್ನು ಕೇಳಬೇಕಾದುದು ಬಾಡಿಗೆ ಎಷ್ಟು ಎಂದಲ್ಲ. ಕಸ ಎಲ್ಲಿಯದು, ವಿಂಗಡಿಸಿದ್ದೇ, ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಲಾರಿಯನ್ನು ಹಿಂದಕ್ಕೆ ಕಳುಹಿಸುವುದೇ ಆ ವರ್ಷ ಜಮೀನಿಗೆ ಮಾಡುವ ದೊಡ್ಡ ಉಪಕಾರ.